ಬಲೆಯ ಹಿಂದೆ ಎತ್ತಿದ ಬೆರಳು

ಹಾರ್ಲನ್‌ವಿಲ್, ವರ್ಜೀನಿಯ
24 ಜೂನ್ 1988

ದೋನ್ಯಾ ಎರ್ಸಿಲಿಯ ಪೆಗೆರೊ ಅವರಿಗೆ ಫೆರ್ಮಿನ್ ಒತೆರೊ ಮಾಡುವ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಮಗ ರಾದಮೆಸ್ ಈಗ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ, ಬೆಳಗಿನ ಹತ್ತೂವರೆ ಗಂಟೆ. ಅಷ್ಟೇ ಹಕ್ಕಿನ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ನಾನು ಪೋರ್ಟೊ ರಿಕೊದವನು. ಈ ಊರಿಗೆ ಬಂದು ಮೂವತ್ತೊಂದು ವರ್ಷವಾಯಿತು. ಕುರ್ಚಿ ಕಾರ್ಖಾನೆಯಲ್ಲಿ ಕುರ್ಚಿಯ ಕಾಲು ಉಜ್ಜಿ ಉಜ್ಜಿ ನಿವೃತ್ತನಾದೆ. ಹೆಂಡತಿ ನೆಲಿದಾ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಊರಿನಲ್ಲಿ ಸ್ಪ್ಯಾನಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ಪ್ರತಿ ಬೇಸಿಗೆಯಲ್ಲೂ ಬೇಸ್‌ಬಾಲ್ ಕ್ಲಬ್ಬಿನವರು ನಿಮ್ಮ ದ್ವೀಪದ ಒಬ್ಬ ಹುಡುಗನನ್ನು ತಂದು ನನ್ನ ಮನೆಯಲ್ಲಿ ಇಳಿಸುತ್ತಾರೆ. ನಮ್ಮದು ದೊಡ್ಡ ತಂಡವೊಂದರ ಏಣಿಯ ಕಟ್ಟಕಡೆಯ ಮೆಟ್ಟಿಲು. ಇದರ ಕೆಳಗೆ ಇರುವುದು ನೆಲ ಮಾತ್ರ.

ನನಗೆ ಮೈದಾನದಲ್ಲೂ ಒಂದು ಕೆಲಸವಿದೆ. ಚೆಂಡಿನ ವೇಗ ಅಳೆಯುವ ಗನ್ ಒಂದಿದೆ, ಈ ಬಡ ಕ್ಲಬ್ಬಿಗೆ ಒಂದೇ ಒಂದು. ಮೊದಲು ಅದನ್ನು ಆ ದಿನ ಚೆಂಡೆಸೆಯುವ ಸರದಿಯಿಲ್ಲದ ಪಿಚರ್ ಹುಡುಗರ ಕೈಗೆ ಕೊಡುತ್ತಿದ್ದರು. ಅವರು ಚೆಂಡನ್ನು ಬಿಟ್ಟು ಹುಡುಗಿಯರನ್ನು ಅಳೆಯುತ್ತಿದ್ದರು. ಅದಕ್ಕೆ ಮ್ಯಾನೇಜರ್ ಹಾಲಿಸ್ ನನ್ನನ್ನು ಕೂರಿಸಿದ. ಚೆಂಡು ಹಿಡಿಯುವ ಕ್ಯಾಚರ್‌ನ ಹಿಂದೆ ಬಲೆ, ಬಲೆಯ ಹಿಂದೆ ನಾನು. ಒಂದೊಂದು ಎಸೆತದ ವೇಗವನ್ನೂ ಪುಸ್ತಕದಲ್ಲಿ ಬರೆಯುತ್ತೇನೆ. ಆಟ ಮುಗಿದ ಮೇಲೆ ಹಾಲಿಸ್ ಅದನ್ನೇ ಮೇಲಿನ ಆಫೀಸಿಗೆ ಫೋನಿನಲ್ಲಿ ಓದಿ ಹೇಳುತ್ತಾನೆ.

ನಾನೂ ನಿಮ್ಮ ಮಗನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಎಸೆದ ಕೂಡಲೇ ಅವನು ನನ್ನ ಕಡೆ ನೋಡುತ್ತಾನೆ. ತೊಂಬತ್ತರ ಮೇಲೆ ಎಷ್ಟೋ ಅಷ್ಟು ಬೆರಳು ಎತ್ತಿ ತೋರಿಸುತ್ತೇನೆ. ತೊಂಬತ್ತು ಮುಟ್ಟದಿದ್ದರೆ ಮುಷ್ಟಿ. ಮೊನ್ನೆ ಮೊದಲ ಆಟ. ಮೂರು ಇನ್ನಿಂಗ್ಸ್‌ನಲ್ಲಿ ಐದು ಜನ ಬ್ಯಾಟು ಹೆಗಲಿಗೇರಿಸಿಕೊಂಡು ವಾಪಸ್ ನಡೆದರು. ಗಂಟೆಗೆ ತೊಂಬತ್ತೆರಡು ಮೈಲಿ, ಒಮ್ಮೆ ತೊಂಬತ್ತಮೂರು. ನನಗಂತೂ ಮುಷ್ಟಿ ಕಟ್ಟುವ ಸಂದರ್ಭವೇ ಬರಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ನಮಗೆ ದಿನವೂ ಜಗಳ. "ಕೆಂಪು ಕಾಳಿನ ಸಾರಿಗೆ ಯಾರಾದ್ರೂ ಆಲಿವ್ ಕಾಯಿ ಹಾಕ್ತಾರಾ? ಇದು ಸಾರಾ, ಔಷಧಿನಾ?" ಎಂದು ಕೇಳುತ್ತಾನೆ. ಕೇಳಿ, ಮೂರು ತಟ್ಟೆ ಖಾಲಿ ಮಾಡುತ್ತಾನೆ.

ಅವನ ಮೈ, ಮನಸ್ಸು, ಅಭ್ಯಾಸ, ನನಗೆ ತಿಳಿದಿರಬೇಕಾದ್ದು ಏನಿದ್ದರೂ ಬರೆಯಿರಿ. ಅವನನ್ನೇ ಕೇಳಿದರೆ "ಎಲ್ಲ ಚೆನ್ನಾಗಿದೆ ದೊನ್ ಫೆರ್ಮಿನ್" ಎಂದು ಹಲ್ಲು ಬಿಡುತ್ತಾನೆ. ಹಲ್ಲಿನಿಂದ ಏನು ತಿಳಿಯುತ್ತದೆ?

ನಿಮ್ಮ ವಿಶ್ವಾಸಿ,
ಫೆರ್ಮಿನ್ ಒತೆರೊ


ಪಾಲ್ಮಾರ್ ಸೆಕೊ, ಅಸುವಾ
7 ಜುಲೈ 1988

ದೊನ್ ಫೆರ್ಮಿನ್,

ನಿಮ್ಮ ಕಾಗದ ಬಂತು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ನೋಡಿ ನಗಬೇಡಿ.

ನನ್ನ ಮಗನಿಗೆ ಮೂರು ತಟ್ಟೆ ಸಾಲದು, ನಾಲ್ಕು ಹಾಕಿ. ಆಲಿವ್ ಕಾಯಿ ಬೇಡ.

ನಾನು ಈ ಊರಿನಲ್ಲಿ ಉಳುಕು ತೆಗೆಯುವವಳು. ಮೂವತ್ತು ವರ್ಷದಿಂದ ನರ ನೀವುತ್ತಿದ್ದೇನೆ. ಇಲ್ಲಿ ಹತ್ತು ವರ್ಷದ ಹುಡುಗರೂ ತೋಳು ಬಿದ್ದುಹೋಗುವ ಹಾಗೆ ಚೆಂಡು ಎಸೆಯುತ್ತಾರೆ. ಭಾನುವಾರ ಆಟ ಮುಗಿದರೆ ನನ್ನ ಬೆಂಚಿನ ಮುಂದೆ ಸಾಲು ನಿಲ್ಲುತ್ತಾರೆ. ಅಸುವಾ ಸೀಮೆಯ ಅರ್ಧ ಪಿಚರ್‌ಗಳ ತೋಳು ಈ ಕೈಯಲ್ಲಿ ಹಾದುಹೋಗಿದೆ. ರಾದಮೆಸ್‌ನ ತೋಳನ್ನು ನಾನು ಹೆತ್ತದ್ದಷ್ಟೇ ಅಲ್ಲ, ಮಾಡಿದ್ದೂ ನಾನೇ. ಡಾಕ್ಟರುಗಳು ಫೋಟೋ ತೆಗೆದು ನೋಡುತ್ತಾರೆ. ನನಗೆ ಬೆರಳು ಸಾಕು.

ಅವನ ಬಗ್ಗೆ ನಿಮಗೆ ತಿಳಿದಿರಬೇಕಾದ್ದು ಏನೂ ಇಲ್ಲ. ಗುಂಡುಕಲ್ಲಿನ ಹಾಗಿದ್ದಾನೆ. ನನಗೂ ಒಂದು ಕಾಗದ ಬರೆದಿದ್ದಾನೆ, ಅದರಲ್ಲೂ ವಿಶೇಷವೇನಿಲ್ಲ.

ಒಂದು ಮಾತು ಮಾತ್ರ ಗೊತ್ತಿರಲಿ. ಎರಡು ವರ್ಷದ ಹಿಂದೆ ನಮ್ಮ ಊರಿನಿಂದ ಎಲಾದಿಯೊ ಎಂಬ ಹುಡುಗ ನಿಮ್ಮ ದೇಶಕ್ಕೆ ಹೋದ. ತೊಂಬತ್ತು ಮುಟ್ಟಲಿಲ್ಲ ಎಂದು ಬೇಸಿಗೆ ಮುಗಿಯುವ ಮೊದಲೇ ವಾಪಸ್ ಕಳಿಸಿದರು. ಅವನು ಊರಿಗೇ ಬರಲಿಲ್ಲ. ಬರಾಓನಾದಲ್ಲಿ ಚಿಕ್ಕಮ್ಮನ ಮನೆಯ ಹಿತ್ತಲಲ್ಲಿ ಒಂದು ವರ್ಷ ಅಡಗಿದ್ದ. ಅವನಮ್ಮ ಇಲ್ಲಿ ಎಲ್ಲರಿಗೂ "ನನ್ನ ಮಗ ಅಮೆರಿಕದಲ್ಲೇ ಆಡ್ತಿದಾನೆ" ಎಂದು ಹೇಳುತ್ತಿದ್ದಳು. ನಿಜ ಏನೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ನಾನೂ ಎಂದೆ. ನನ್ನ ಮಗ ಹಾಗೆ ಬರಬಾರದು ದೊನ್ ಫೆರ್ಮಿನ್. ಅವನಿಗೂ ಸಿಕ್ಕಿರುವುದು ಇದೊಂದೇ ಬೇಸಿಗೆ.

ಫೋನ್ ಮಾಡಬೇಡಿ. ಊರಿಗಿರುವ ಒಂದೇ ಫೋನು ತುಲಿಯೊನ ಅಂಗಡಿಯಲ್ಲಿದೆ. ಅಲ್ಲಿ ಮಾತಾಡುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಕಾಗದದಲ್ಲಿ ವೇಗ ಎಷ್ಟೆಂದು ಬರೆಯಿರಿ. ನನಗೆ ಬೇಕಾದ್ದು ಅದೊಂದೇ.

ಇದರ ಜೊತೆಗೇ ಒಂದು ಡಬ್ಬಿ ಕಳಿಸಿದ್ದೇನೆ. ಮೇಕೆ ಕೊಬ್ಬಿನಲ್ಲಿ ಕಾಯಿಸಿದ ಮುಲಾಮು, ಸೊಳ್ಳೆ ಕಡಿತಕ್ಕೆ. ಅವನಿಗೇ ಕೊಡಿ, ನೀವು ತೆರೆಯಬೇಡಿ, ವಾಸನೆ ತಡೆಯಲಾರಿರಿ.

ಎರ್ಸಿಲಿಯ


ಹಾರ್ಲನ್‌ವಿಲ್
20 ಜುಲೈ 1988

ದೋನ್ಯಾ ಎರ್ಸಿಲಿಯ ಅವರಿಗೆ,

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿಮ್ಮ ಹೆಗ್ಗಣ ಈಗ ನನಗೂ ಮುದ್ದಾಗಿಬಿಟ್ಟಿದೆ, ಏನು ಮಾಡಲಿ.

ನೀವು ಕೇಳಿದ್ದನ್ನು ಮೊದಲು ಬರೆಯುತ್ತೇನೆ. ಜುಲೈ ಹತ್ತರ ಆಟದಲ್ಲಿ ತೊಂಬತ್ತೆರಡು. ಮೊನ್ನೆ ಹದಿನೇಳರಂದು ತೊಂಬತ್ತಮೂರು. ನನ್ನ ಪುಸ್ತಕದಲ್ಲಿ ಹಾಗೇ ಇದೆ. ಬ್ಯಾಟುಗಾರರು ಈಗೀಗ ಸ್ವಲ್ಪ ಜೋರಾಗಿ ಹೊಡೆಯುತ್ತಿದ್ದಾರೆ ಎಂಬುದು ನಿಜ. ಹಾಲಿಸ್ ಬಂದು ಪುಸ್ತಕವನ್ನು ತಿರುಗಿಸಿ ನೋಡಿದ. "ತೊಂಬತ್ತಮೂರಾ? ಹಾಗಿದ್ರೆ ಈ ನನ್ಮಕ್ಕಳು ಹೇಗೆ ಹೊಡೀತಿದಾರೆ ಮುದುಕಪ್ಪ?" ಎಂದ. "ಅವರೂ ಸಂಬಳ ತಗೋತಾರಲ್ಲ" ಎಂದೆ. ನಕ್ಕು ಹೋದ.

ಇಲ್ಲಿ ಸೆಖೆ ವಿಪರೀತವಾಗಿದೆ. ಸೆಖೆಯಲ್ಲಿ ಯಾರಿಗಾದರೂ ಸುಸ್ತು ಸಹಜ. ಹುಡುಗನಿಗೆ ಊರಿನ ನೆನಪೂ ಕಾಡುತ್ತಿರಬೇಕು, ಊಟ ಎರಡು ತಟ್ಟೆಗೆ ಇಳಿದಿದೆ. ನನ್ನ ಸಾರಿನ ಮೇಲೆ ಜಗಳವನ್ನೂ ಆಡುತ್ತಿಲ್ಲ.

ಮುಖ್ಯ ವಿಷಯ ಇದು. ಆಗಸ್ಟ್ ಹದಿನೈದಕ್ಕೆ ಮೇಲಿನ ಆಫೀಸಿನಿಂದ ಪಟ್ಟಿ ಬರುತ್ತದೆ. ಹನ್ನೆರಡು ಪಿಚರ್‌ಗಳಲ್ಲಿ ಏಳು ಜನ ಉಳಿಯುತ್ತಾರೆ. ತೊಂಬತ್ತರ ಕೆಳಗಿರುವವರನ್ನು ಹೆಸರು ಕೂಡ ಕೇಳದೆ ಬಸ್ಸು ಹತ್ತಿಸುತ್ತಾರೆ. ಹದಿನೈದು ದಾಟಿತೆಂದರೆ ಮುಂದಿನ ವರ್ಷವೂ ಇವನು ನಮ್ಮವನೇ. ಇನ್ನು ಮೂರು ನಾಲ್ಕು ಆಟ, ಅಷ್ಟೇ.

ನಿಮ್ಮ ಡಬ್ಬಿ ಹದಿನೈದಕ್ಕೆ ಬಂತು, ಜೊತೆಗೆ ನಿಮ್ಮ ಮಗನ ಹೆಸರಿನ ಕಾಗದವೂ. ಡಬ್ಬಿ ತೆರೆದ ಮೇಲೆ ಪಕ್ಕದ ಮನೆಯ ನಾಯಿ ನಮ್ಮ ಬಾಗಿಲಲ್ಲೇ ಬಿಡಾರ ಹೂಡಿದೆ. ಹುಡುಗ ಬಚ್ಚಲು ಹೊಕ್ಕು ಚಿಲಕ ಹಾಕಿಕೊಂಡು ಮುಕ್ಕಾಲು ಗಂಟೆ ಹಚ್ಚಿಕೊಳ್ಳುತ್ತಾನೆ. "ಏನೋ, ಸೊಳ್ಳೆ ನಿನ್ನೊಬ್ಬನನ್ನೇ ಹುಡುಕ್ಕೊಂಡು ಬಂದು ಕಚ್ಚುತ್ತಾ?" ಎಂದೆ. "ನನ್ನ ರಕ್ತ ಸಿಹಿ ದೊನ್ ಫೆರ್ಮಿನ್" ಎಂದ.

ಇನ್ನೊಂದು ಹೇಳಬೇಕು, ನಿಮಗೆ ಖುಷಿಯಾಗುತ್ತದೆ. ಈಗ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಾನೆ, ಬಾಗಿಲನ್ನೂ ಎಡಗೈಯಲ್ಲೇ ತೆಗೆಯುತ್ತಾನೆ. ಕೇಳಿದರೆ "ಬಲಗೈನ ಆಟಕ್ಕೆ ಅಂತ ಉಳಿಸ್ತಿದೀನಿ" ಎಂದ. ಹತ್ತೊಂಬತ್ತನೇ ವಯಸ್ಸಿಗೆ ಎಷ್ಟು ಬುದ್ಧಿ ನೋಡಿ.

ಫೆರ್ಮಿನ್


ಪಾಲ್ಮಾರ್ ಸೆಕೊ
1 ಆಗಸ್ಟ್ 1988

ದೊನ್ ಫೆರ್ಮಿನ್,

ತೊಂಬತ್ತಮೂರು! ಕಾಗದವನ್ನು ತುಲಿಯೊನ ಅಂಗಡಿಗೆ ಒಯ್ದು ನಾನೇ ಓದಿದೆ. ತುಲಿಯೊ ಸಕ್ಕರೆ ಪೆಟ್ಟಿಗೆಯ ರಟ್ಟು ಹರಿದು ಅದರ ಮೇಲೆ ದೊಡ್ಡದಾಗಿ 93 ಎಂದು ಬರೆದು ರಮ್ ಬಾಟಲಿಗಳ ಮೇಲೆ ನೇತುಹಾಕಿದ್ದಾನೆ. ಎಲಾದಿಯೊನ ಅಮ್ಮ ಬಂದು ನೋಡಿ ಹೋದಳು. ನನಗೆ ಪಾಪ ಅನ್ನಿಸಿತು. ಸ್ವಲ್ಪ ಸಂತೋಷವೂ ಆಯಿತು, ದೇವರು ಕ್ಷಮಿಸಲಿ.

ನೀವು ಪುಣ್ಯವಂತರು. ನಿಮ್ಮ ಕಾಗದ ಬರುವವರೆಗೂ ನನಗೆ ನಿದ್ದೆ ಇರಲಿಲ್ಲ. ಯಾಕೆಂದು ಕೇಳಬೇಡಿ, ತಾಯಿಯಾದವಳಿಗೆ ನೂರು ಯೋಚನೆ. ಈಗ ಎಲ್ಲ ಹಗುರವಾಯಿತು. ಸಮುದ್ರ ಅಡ್ಡವಿದ್ದರೂ ನನ್ನ ಕೈಗುಣ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಡಬ್ಬಿಯ ಜೊತೆ ಅವನಿಗೆ ಬರೆದ ಕಾಗದದಲ್ಲಿ ಒಂದೇ ಮಾತು ಹೇಳಿದ್ದೆ. ದೊನ್ ಫೆರ್ಮಿನ್ ಹೇಳಿದ ಹಾಗೆ ಕೇಳು. ಅವರ ಬೆರಳು ಏಳುತ್ತಿರುವವರೆಗೂ ಯಾವುದಕ್ಕೂ ಹೆದರಬೇಡ, ಎಸೆ, ಎಂದು. ನನಗಿಂತ ನೀವು ಹತ್ತಿರದಲ್ಲಿದ್ದೀರಿ. ನಿಮ್ಮ ಕಣ್ಣೇ ನನ್ನ ಕಣ್ಣು.

ಹದಿನೈದು ದಾಟಲಿ. ದಾಟಿದ ದಿನ ನಾನೇ ಒಂದು ಮೇಕೆ ಕಡಿಸಿ ಇಡೀ ಬೀದಿಗೆ ಊಟ ಹಾಕುತ್ತೇನೆ. ಕಾಡುತುಳಸಿ ಸೊಪ್ಪು ತಿಂದು ಬೆಳೆದ ಮೇಕೆ. ನೀವೂ ಬನ್ನಿ, ಸಾರು ಎಂದರೇನು ಎಂದು ತೋರಿಸುತ್ತೇನೆ.

ಎರ್ಸಿಲಿಯ


ಹಾರ್ಲನ್‌ವಿಲ್
8 ಆಗಸ್ಟ್ 1988

ದೋನ್ಯಾ ಎರ್ಸಿಲಿಯ,

ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಮಗ ಬದುಕಿದ್ದಾನೆ. ಅದನ್ನು ಮೊದಲು ಓದಿಕೊಳ್ಳಿ.

ನಿನ್ನೆ ಭಾನುವಾರ ಮಧ್ಯಾಹ್ನ ಅವನ ಕೈ ಹೋಯಿತು.

ನಾಲ್ಕನೇ ಇನ್ನಿಂಗ್ಸ್. ಒಂದು ಎಸೆತ ಹಾಕಿದ, ನನ್ನ ಕಡೆ ನೋಡಿದ. ನಾನು ಮೂರು ಬೆರಳು ಎತ್ತಿದೆ. ಅವನು ತಲೆಯಾಡಿಸಿದ. ಮುಂದಿನ ಎಸೆತಕ್ಕೆ ಕೈ ಬೀಸಿದ. ಚೆಂಡು ಕ್ಯಾಚರ್‌ನ ಕಡೆ ಬರಲೇ ಇಲ್ಲ, ಎಲ್ಲೋ ನಮ್ಮ ಹುಡುಗರು ಕೂತಿದ್ದ ಬೆಂಚಿನ ಮೇಲೆ ಹೋಗಿ ಬಿತ್ತು. ಒಂದು ಸದ್ದು ಕೇಳಿಸಿತು. ನಾನು ಬಲೆಯ ಹಿಂದಿದ್ದೆ, ನೂರು ಅಡಿ ದೂರ. ನನಗೂ ಕೇಳಿಸಿತು. ಅವನು ಮೊಣಕಾಲೂರಿ ಕೂತ, ಬಲಮೊಳಕೈಯನ್ನು ಹೊಟ್ಟೆಗೆ ಒತ್ತಿಕೊಂಡ. ಕಿರುಚಲಿಲ್ಲ. ಕಿರುಚಿದ್ದು ಕ್ಯಾಚರ್. ನನ್ನ ಮೂರು ಬೆರಳು ಆಗಲೂ ಮೇಲೇ ಇದ್ದವು ಎಂದು ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಾತಾಡುತ್ತಿದ್ದರೆ ಅದನ್ನು ಅವನಿಗೆ ಸ್ಪ್ಯಾನಿಷ್‌ನಲ್ಲಿ ಹೇಳಬೇಕಾದವನು ನಾನೇ. ಮೊಳಕೈಯ ಒಳಮಗ್ಗುಲಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಪಟ್ಟಿಯೊಂದಿದೆಯಂತೆ. ಅದು ಪೂರ್ತಿ ಹರಿದಿದೆ. ಒಂದೇ ದಿನದಲ್ಲಿ ಹೀಗೆ ಹರಿಯುವುದಿಲ್ಲ, ವಾರಗಟ್ಟಲೆಯಿಂದ ಎಳೆ ಎಳೆಯಾಗಿ ಬಿಡುತ್ತಾ ಬಂದಿದೆ ಎಂದರು. "ಯಾವಾಗಿಂದ ನೋವು ಅಂತ ಕೇಳಿ" ಎಂದರು. ಕೇಳಿದೆ.

"ಜೂನ್ ಇಪ್ಪತ್ತೈದರಿಂದ" ಎಂದ.

ನನ್ನ ಬಾಯಿಂದ ಅದನ್ನು ಇಂಗ್ಲಿಷ್‌ಗೆ ತಿರುಗಿಸಲು ಆಗಲಿಲ್ಲ. ಡಾಕ್ಟರ್ ನನ್ನ ಮುಖ ನೋಡುತ್ತಾ ನಿಂತಿದ್ದರು. ಆರು ವಾರ! ನನ್ನ ಮನೆಯಲ್ಲಿ ಉಂಡು, ನನ್ನ ಎದುರಿಗೇ ಎಡಗೈಯಲ್ಲಿ ಕಾಫಿ ಕುಡಿದು, ನನಗೆ ಒಂದು ಮಾತು ಹೇಳಲಿಲ್ಲ. ನಾನು ಅದನ್ನು ಬುದ್ಧಿವಂತಿಕೆ ಎಂದು ನಿಮಗೆ ಬರೆದಿದ್ದೆ.

ತುಲಿಯೊನ ಅಂಗಡಿಗೆ ಫೋನ್ ಮಾಡಲು ಹೊರಟೆ. "ಬೇಡ, ಊರೆಲ್ಲ ಕೇಳುತ್ತೆ" ಎಂದು ಬೇಡಿಕೊಂಡ. ಅದಕ್ಕೇ ಈ ಕಾಗದ. ನಿಮ್ಮಿಂದ ಜುಲೈ ಏಳರ ನಂತರ ಬರೆದದ್ದು ಯಾವುದೂ ನನಗಿನ್ನೂ ತಲುಪಿಲ್ಲ.

ಒಂದೇ ಒಂದು ಪ್ರಶ್ನೆ ದೋನ್ಯಾ ಎರ್ಸಿಲಿಯ. ನಿಮಗೆ ಗೊತ್ತಿತ್ತೇ?

ಫೆರ್ಮಿನ್


ಪಾಲ್ಮಾರ್ ಸೆಕೊ
19 ಆಗಸ್ಟ್ 1988

ದೊನ್ ಫೆರ್ಮಿನ್,

ಗೊತ್ತಿತ್ತು.

ಮೊದಲ ಕಾಗದದಲ್ಲೇ ಬರೆದಿದ್ದ. "ಅಮ್ಮ, ಮೊಳಕೈ ಒಳಗಡೆ ಸೂಜಿ ಚುಚ್ಚಿದ ಹಾಗಾಗುತ್ತೆ, ಕಿರುಬೆರಳು ಮರಗಟ್ಟುತ್ತೆ. ಯಾರಿಗೂ ಹೇಳಬೇಡ, ಗೊತ್ತಾದ್ರೆ ಕಳಿಸಿಬಿಡ್ತಾರೆ" ಎಂದು. ನಾನು ಅದನ್ನು ಓದಿ, ವಿಶೇಷವೇನಿಲ್ಲ ಎಂದು ನಿಮಗೆ ಬರೆದೆ. ಮುಲಾಮು ಕಾಯಿಸಿದೆ. ಸೊಳ್ಳೆಗೆ ಎಂದು ಸುಳ್ಳು ಹೇಳಿದೆ. ಯಾವ ಕಡೆಯಿಂದ ಯಾವ ಕಡೆಗೆ ನೀವಬೇಕು, ಹೇಗೆ ಕಟ್ಟಬೇಕು ಎಂದು ಅವನಿಗೆ ಚಿತ್ರ ಬರೆದು ಕಳಿಸಿದೆ. ಯಾರಿಗೂ ಹೇಳಬೇಡ ಎಂದು ನಾನೂ ಹೇಳಿದೆ. ನೀವು ಬಿಳಿಯರ ಕ್ಲಬ್ಬಿನ ಕೆಲಸದವರು, ನಿಮಗೆ ಹೇಳಿದರೆ ಅವರಿಗೆ ಹೇಳಿದಂತೆಯೇ ಎಂದುಕೊಂಡೆ. ನಿಮ್ಮ ಕಾಗದ ಎಷ್ಟು ಚೆನ್ನಾಗಿತ್ತು, ಆದರೂ ಹಾಗೆ ಅಂದುಕೊಂಡೆ.

ನನ್ನನ್ನು ಬೈಯಿರಿ. ನಿಮ್ಮ ಹಕ್ಕು. ಮೂರು ದಿನದಿಂದ ಬೆಂಚನ್ನು ಮಗುಚಿ ಹಾಕಿದ್ದೇನೆ. ಕಾಲುಳುಕಿದ ಒಬ್ಬ ಮುದುಕಿ ಬಂದಳು, "ನನ್ನ ಕೈ ಮುಟ್ಟಿಸ್ಕೋಬೇಡಮ್ಮ, ಆಸ್ಪತ್ರೆಗೆ ಹೋಗು" ಎಂದು ಕಳಿಸಿದೆ. ಅವಳಿಗೆ ಸಿಟ್ಟು ಬಂತು.

ಆದರೆ ದೊನ್ ಫೆರ್ಮಿನ್, ಒಂದು ವಿಷಯ ನನಗೆ ಅರ್ಥವೇ ಆಗುತ್ತಿಲ್ಲ. ತಲೆ ಚಚ್ಚಿಕೊಂಡರೂ ಆಗುತ್ತಿಲ್ಲ. ಆ ನೋವು ನನಗೆ ಹೊಸದಲ್ಲ. ಮೂವತ್ತು ವರ್ಷದಲ್ಲಿ ಅಂಥ ಮೊಳಕೈ ನಾಲ್ಕು ಕಂಡಿದ್ದೇನೆ. ಮೊದಲು ಸೂಜಿ ಚುಚ್ಚುತ್ತದೆ, ಆಮೇಲೆ ವೇಗ ಇಳಿಯುತ್ತದೆ, ಆಮೇಲೆ ಹರಿಯುತ್ತದೆ. ವೇಗ ಇಳಿದರೆ ನನ್ನ ಕೈಗೆ ಮೀರಿದ್ದು ಎಂದರ್ಥ, ವೇಗ ಇಳಿಯದೆ ನಿಂತರೆ ನರ ಕೂಡುತ್ತಿದೆ ಎಂದರ್ಥ. ಇದು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಅದಕ್ಕೇ ನಿಮ್ಮನ್ನು ವೇಗ ಬರೆಯಿರಿ, ಬೇರೇನೂ ಬೇಡ ಎಂದು ಕೇಳಿದ್ದು. ನೀವು ತೊಂಬತ್ತೆರಡು ಎಂದು ಬರೆದಿರಿ, ತೊಂಬತ್ತಮೂರು ಎಂದು ಬರೆದಿರಿ. ಅದನ್ನು ನೋಡಿ ಮುಲಾಮು ಹಿಡಿಯಿತು ಎಂದು ಮೋಂಬತ್ತಿ ಹಚ್ಚಿದೆ.

ಎರಡು ಮೈಲಿ ಇಳಿದಿದೆ ಎಂದು ನೀವು ಬರೆದಿದ್ದರೆ ಅವತ್ತೇ ತುಲಿಯೊನ ಅಂಗಡಿಗೆ ಓಡುತ್ತಿದ್ದೆ. ಊರೆಲ್ಲ ಕೇಳಲಿ ಎಂದು ಫೋನಿನಲ್ಲಿ ಕೂಗಿ ಅವನನ್ನು ನಿಲ್ಲಿಸುತ್ತಿದ್ದೆ. ನನ್ನ ಸತ್ತ ಗಂಡನ ಆಣೆ.

ಹರಿಯುತ್ತಿರುವ ಕೈ ತೊಂಬತ್ತಮೂರು ಹೇಗೆ ಎಸೆಯಿತು? ನೀವು ಅಲ್ಲೇ ಇದ್ದಿರಿ, ಗನ್ ನಿಮ್ಮ ಕೈಯಲ್ಲಿತ್ತು. ನನಗೆ ಹೇಳಿ.

ಎರ್ಸಿಲಿಯ


ಹಾರ್ಲನ್‌ವಿಲ್
30 ಆಗಸ್ಟ್ 1988

ದೋನ್ಯಾ ಎರ್ಸಿಲಿಯ ಅವರಿಗೆ,

ಎಸೆಯಲಿಲ್ಲ.

ನಿಮ್ಮ ಕಾಗದವನ್ನು ಅಂಚೆ ಪೆಟ್ಟಿಗೆಯ ಹತ್ತಿರವೇ ನಿಂತು ಓದಿದೆ. ಆಮೇಲೆ ಮನೆಯೊಳಗೆ ಹೇಗೆ ಬಂದೆ ಎಂದು ನೆನಪಿಲ್ಲ. ಒಲೆಯ ಮೇಲಿದ್ದ ಅನ್ನ ಸೀದು ಹೊಗೆ ತುಂಬಿದಾಗ ಎಚ್ಚರವಾಯಿತು.

ನಾನು ಸುಳ್ಳು ಬರೆದೆ. ಜುಲೈ ಹತ್ತರಂದು ಗನ್ ಎಂಬತ್ತೊಂಬತ್ತು ತೋರಿಸಿತು. ಹುಡುಗ ನನ್ನ ಕಡೆ ನೋಡಿದ. ಮುಷ್ಟಿ ಕಟ್ಟಬೇಕಿತ್ತು. ಆ ಮುಖ ನೋಡಿ ನನ್ನ ಕೈ ಎರಡು ಬೆರಳು ಎತ್ತಿತು, ನಾನು ಯೋಚಿಸುವ ಮೊದಲೇ ಎತ್ತಿತು. ಬೆರಳಿಗೂ ಪುಸ್ತಕಕ್ಕೂ ತಾಳೆಯಾಗಬೇಕಲ್ಲ, ಪುಸ್ತಕದಲ್ಲೂ ತೊಂಬತ್ತೆರಡು ಎಂದು ಬರೆದೆ. ಸೆಖೆಯಿಂದ ಸುಸ್ತಾಗಿದ್ದಾನೆ, ಮುಂದಿನ ವಾರ ತಾನೇ ಏರುತ್ತದೆ ಎಂದುಕೊಂಡೆ. ಮುಂದಿನ ವಾರ ಎಂಬತ್ತೇಳು. ಅದರ ಮುಂದಿನ ವಾರ ಎಂಬತ್ತಾರು. ಪಟ್ಟಿ ಬರುವವರೆಗೆ ತಳ್ಳಿದರೆ ಸಾಕು, ಹುಡುಗ ಉಳಿಯುತ್ತಾನೆ, ನಿಮ್ಮ ಎಲಾದಿಯೊನ ಹಾಗೆ ಯಾರದೋ ಹಿತ್ತಲಲ್ಲಿ ಅಡಗಬೇಕಾಗುವುದಿಲ್ಲ ಎಂದುಕೊಂಡೆ. ನೀವು ಆ ಹುಡುಗನ ಕಥೆ ಬರೆದಿರಲ್ಲ, ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ನೋವಿದೆ ಎಂದು ಗೊತ್ತಿದ್ದರೆ ಗನ್ ಮುರಿದು ಹಾಕುತ್ತಿದ್ದೆ. ನೀವು ಗುಂಡುಕಲ್ಲು ಎಂದು ಬರೆದಿರಿ, ನಾನು ನಂಬಿದೆ.

ಕೊನೆಯ ದಿನ ಗನ್ ತೋರಿಸಿದ್ದು ಎಂಬತ್ತನಾಲ್ಕು. ನಾನು ಎತ್ತಿದ್ದು ಮೂರು ಬೆರಳು.

ನಿಮ್ಮನ್ನು ಬೈಯುವ ಹಕ್ಕು ನನಗಿದೆ ಎಂದಿರಿ. ಇಲ್ಲ. ಆ ಕೈಯನ್ನು ಹರಿದವನು ನಾನು.

ಇನ್ನೂ ಒಂದಿದೆ, ಇದನ್ನು ಕೇಳಿದರೆ ನೀವು ನಗುತ್ತೀರೋ ಅಳುತ್ತೀರೋ ಗೊತ್ತಿಲ್ಲ. ಇಂಥ ಕೈಗೆ ಆಪರೇಷನ್ ಒಂದಿದೆ. ಎಡಗೈ ಮಣಿಕಟ್ಟಿನಿಂದ ಒಂದು ನರ ತೆಗೆದು ಬಲಮೊಳಕೈಗೆ ಹೊಲಿಯುತ್ತಾರಂತೆ. ನಮ್ಮಂಥ ಕೊನೆ ಮೆಟ್ಟಿಲಿನ ಹುಡುಗರಿಗೆ ಕ್ಲಬ್ಬಿನವರು ಅದನ್ನು ಮಾಡಿಸುವುದಿಲ್ಲ, ಟಿಕೆಟ್ ಕೊಟ್ಟು ಕಳಿಸುತ್ತಾರೆ. ಆದರೆ ಹಾಲಿಸ್ ನನ್ನ ಪುಸ್ತಕವನ್ನು ಮೇಲಿನ ಆಫೀಸಿಗೆ ಓದಿ ಹೇಳಿದನಂತೆ. "ಹರಿದ ಕೈಯಲ್ಲಿ ತೊಂಬತ್ತಮೂರು ಎಸೆದಿದಾನೆ ಸ್ವಾಮಿ, ನನ್ನ ಜನ್ಮದಲ್ಲಿ ಇಂಥವನನ್ನ ಕಂಡಿಲ್ಲ" ಎಂದನಂತೆ. ಅವರು ಒಪ್ಪಿದ್ದಾರೆ. ಅಕ್ಟೋಬರ್ ನಾಲ್ಕಕ್ಕೆ ಆಪರೇಷನ್. ಹುಡುಗನನ್ನು ಮೊನ್ನೆಯೇ ಫ್ಲೋರಿಡಾಕ್ಕೆ ಕರೆದೊಯ್ದರು, ಅಲ್ಲಿನ ಫೋನ್ ನಂಬರನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಹೋಗುವಾಗ ನನ್ನನ್ನು ಎಡಗೈಯಿಂದ ಅಪ್ಪಿಕೊಂಡ. ಬೆರಳಿನ ವಿಷಯ ನಾನು ಹೇಳಲಿಲ್ಲ.

ಆ ಕೈಯನ್ನು ಕೆಡಿಸಿದ ಸುಳ್ಳೇ ಈಗ ಆ ಕೈಯ ಆಪರೇಷನ್ ಮಾಡಿಸುತ್ತಿದೆ. ಹಾಲಿಸ್‌ಗೆ ನಿಜ ಹೇಳಿದರೆ ಆಪರೇಷನ್ ತಪ್ಪಬಹುದು. ಹೇಳದಿದ್ದರೆ ನಾನು ಯಾರ ಮುಖವನ್ನು ನೋಡಲಿ? ಹುಡುಗನಿಗಾದರೂ ಹೇಳಬೇಕೇ, ಬೇಡವೇ? ಅವನು ಆ ಬೆರಳುಗಳನ್ನು ನಂಬಿ ಎಸೆದವನು. ನೀವು ತಾಯಿ, ನೀವು ಹೇಳಿದ ಹಾಗೆ ಮಾಡುತ್ತೇನೆ.

ಫೆರ್ಮಿನ್


ಪಾಲ್ಮಾರ್ ಸೆಕೊ
12 ಸೆಪ್ಟೆಂಬರ್ 1988

ದೊನ್ ಫೆರ್ಮಿನ್,

ನಿಮ್ಮ ಕಾಗದ ಓದಿದ ದಿನ ನೀವು ನನ್ನ ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಗೋಡೆಗೆ ಬೈದೆ. ತುಲಿಯೊನ ಅಂಗಡಿಗೆ ಹೋಗಿ ಆ ರಟ್ಟನ್ನು ಕಿತ್ತು ಹರಿದೆ. ಅವನು "ಯಾಕಕ್ಕ, ಏನಾಯ್ತು?" ಎಂದು ಹಿಂದೆಯೇ ಬಂದ. ಅವನಿಗೂ ಬೈದೆ. ಆಮೇಲೆ ನನ್ನ ಪಾಲಿನ ಸುಳ್ಳು ನೆನಪಾಯಿತು, ಸುಮ್ಮನಾದೆ.

ಹಾಲಿಸ್‌ಗೆ ಹೇಳುವುದೋ ಬಿಡುವುದೋ ನನ್ನನ್ನು ಕೇಳಬೇಡಿ. ಇನ್ನೊಂದು ಮುಚ್ಚುಮರೆಗೆ ನಾನು ಹೂಂ ಎನ್ನಲಾರೆ. ನನ್ನ ಮಗನ ಆಪರೇಷನ್ ತಪ್ಪಿಸಿ ಎನ್ನಲೂ ನನಗೆ ಬಾಯಿ ಬರುವುದಿಲ್ಲ.

ಮಗನಿಗೆ ಮಾತ್ರ ನಾನೇ ಹೇಳಬೇಕೆಂದುಕೊಂಡೆ. ಇನ್ನು ಕಾಗದ ಸಾಕು ಅನ್ನಿಸಿತು. ನಿನ್ನೆ ಮಧ್ಯಾಹ್ನ ತುಲಿಯೊನ ಅಂಗಡಿಯಿಂದ ಫ್ಲೋರಿಡಾದ ನಂಬರಿಗೆ ಮಾಡಿಸಿದೆ. ಭಾನುವಾರ, ಅಂಗಡಿಯ ತುಂಬ ಜನ. ಎಲಾದಿಯೊನ ಅಮ್ಮನೂ ಎಣ್ಣೆ ಬಾಟಲಿ ಹಿಡಿದು ನಿಂತಿದ್ದಳು. ಕೇಳಲಿ ಎಂದು ಜೋರಾಗಿಯೇ ಮಾತಾಡಿದೆ.

"ರಾದಮೆಸ್, ಎದೆ ಗಟ್ಟಿ ಮಾಡ್ಕೋ. ದೊನ್ ಫೆರ್ಮಿನ್ ತೋರಿಸಿದ ಬೆರಳು ಸುಳ್ಳು ಕಣೋ. ಜುಲೈಯಿಂದ ಸುಳ್ಳು."

"ಗೊತ್ತಲ್ಲಮ್ಮ" ಎಂದ.

"ಏನು ಗೊತ್ತು?"

"ಎಸೆಯೋನಿಗೆ ಗೊತ್ತಾಗಲ್ವಾ? ಕ್ಯಾಚರ್ ಕೈಲಿ ಚೆಂಡು ಬೀಳೋ ಸದ್ದಲ್ಲೇ ತಿಳಿಯುತ್ತೆ. ಮೊದಲನೇ ದಿನಾನೇ ಗೊತ್ತಾಯ್ತು. ಇಲ್ಲಿ ಡಾಕ್ಟರಿಗೂ ಹೇಳ್ದೆ, ಕೊನೆ ದಿನ ಎಂಬತ್ತೈದೂ ಇರ್ಲಿಲ್ಲ ಸಾರ್ ಅಂತ. ಆಫೀಸಿನವರೂ ಇದ್ರು. ನಕ್ಕುಬಿಟ್ರು. ಪುಸ್ತಕದಲ್ಲಿ ತೊಂಬತ್ತಮೂರು ಅಂತ ಇದೆಯಲ್ಲೋ, ಸುಮ್ನಿರು ಅಂದ್ರು."

ತುಲಿಯೊ ಖಾಲಿ ಕ್ರೇಟು ತಳ್ಳಿದ, ಅದರ ಮೇಲೆ ಕೂತೆ.

"ಗೊತ್ತಿದ್ದೂ ಯಾಕೋ ಎಸೆದೆ ಮುಂಡೇದೇ? ನೋವಿತ್ತು, ವೇಗ ಹೋಗಿತ್ತು, ಎರಡೂ ನಿನಗೊಬ್ಬನಿಗೆ ಗೊತ್ತಿತ್ತು. ಯಾಕೆ ನಿಲ್ಲಿಸಲಿಲ್ಲ?"

ಅವನಿಗೆ ಆಶ್ಚರ್ಯವಾಯಿತು ದೊನ್ ಫೆರ್ಮಿನ್.

"ನೀನೇ ಬರೆದಿದ್ದೆಯಲ್ಲಮ್ಮ. ಅವರ ಬೆರಳು ಏಳ್ತಿರೋವರೆಗೂ ಹೆದರಬೇಡ, ಎಸಿ ಅಂತ. ನೀವಿಬ್ರೂ ಕಾಗದ ಬರ್ಕೋತಿದ್ರಿ. ಅವರಿಗೆ ವೇಗ ಗೊತ್ತಿತ್ತು, ನಿನಗೆ ನೋವು ಗೊತ್ತಿತ್ತು. ಇಬ್ರೂ ಮಾತಾಡ್ಕೊಂಡಿದೀರಿ ಅಂದ್ಕೊಂಡೆ. ಕೈ ಹೋದ್ರೂ ಹೋಗ್ಲಿ, ಪಟ್ಟಿ ದಾಟ್ಲಿ ಅಂತ ನೀವಿಬ್ರೂ ಸೇರಿ ತೀರ್ಮಾನ ಮಾಡಿದೀರಿ ಅಂದ್ಕೊಂಡೆ. ಅದಕ್ಕೇ ಎಸೆದೆ."

ಎಲಾದಿಯೊನ ಅಮ್ಮ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಳು.

ನಾನು ಫೋನಿನೊಳಗೆ ಕೂಗಿದೆ. ಇಲ್ಲ ಕಣೋ, ನನಗೆ ವೇಗ ಇಳಿದದ್ದು ಗೊತ್ತಿರಲಿಲ್ಲ, ಅವರಿಗೆ ನೋವು ಗೊತ್ತಿರಲಿಲ್ಲ, ನಾವು ಒಬ್ಬರಿಗೊಬ್ಬರು ಏನೂ ಹೇಳಿಕೊಂಡಿರಲಿಲ್ಲ, ಎಂದು ಆಣೆ ಇಟ್ಟು ಹೇಳಿದೆ. ಎಷ್ಟು ಸಲ ಹೇಳಿದೆನೋ. ಅವನು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡ.

"ಅಳಬೇಡಮ್ಮ. ನಂಗೇನೂ ಬೇಜಾರಿಲ್ಲ. ನನ್ನ ಒಳ್ಳೇದಕ್ಕೇ ತಾನೇ ನೀವು ಹಾಗೆ ಮಾಡಿದ್ದು" ಎಂದ.

ಅವನು ನನ್ನನ್ನು ನಂಬಲಿಲ್ಲ ದೊನ್ ಫೆರ್ಮಿನ್. ಕ್ಷಮಿಸಿದ, ನಂಬಲಿಲ್ಲ. ನೀವಾದರೂ ಬರೆದು ನೋಡಿ.

ಎರ್ಸಿಲಿಯ